ಒಂಟಿ ಓಲೆಯ ಕಲ್ಲಿಗೆ ಒಂದು ಉಂಗುರ

ನಾನು ಹಲ್ಲಿನ ಡಾಕ್ಟರು. 26 ವರ್ಷದಿಂದ ದಿನಾ ಕೈಯಲ್ಲಿ ವಜ್ರ ಹಿಡಿಯುತ್ತಿದ್ದೇನೆ. ಹಲ್ಲು ಕೊರೆಯುವ ಬರ್‌ನ ತುದಿಗೆ ವಜ್ರದ ಪುಡಿ ಅಂಟಿಸಿರುತ್ತಾರಲ್ಲ, ಅದು. ಸವೆದರೆ ಬಿಸಾಡಿ ಇನ್ನೊಂದು ತೆಗೆದುಕೊಳ್ಳುತ್ತೇನೆ. ಹಾಗಾಗಿ ವಜ್ರ ಅಂದರೆ ನನಗೆ ಅಂಥ ಭಯಭಕ್ತಿ ಏನೂ ಇರಲಿಲ್ಲ.

ಕಳೆದ ಯುಗಾದಿ ದಿನ ಅಮ್ಮ ಒಂದು ಹಳೇ ವಿಭೂತಿ ಡಬ್ಬಿ ಕೈಗಿಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದೇ ಒಂದು ಓಲೆ. ಒಂಟಿ ಕಲ್ಲಿನದು. ಅಜ್ಜಿಯದು. ಇದರ ಜೋಡಿ ನಂಜನಗೂಡಿನಲ್ಲಿ ಕಪಿಲೆಯಲ್ಲಿ ಮುಳುಗಿ ಏಳುವಾಗ ಹೋಯಿತು. ತಿರುಪು ಸಡಿಲವಾಗಿತ್ತಂತೆ. ಅವತ್ತಿನಿಂದ ಅಜ್ಜಿ ಕೆಂಪಿನ ಓಲೆ ಹಾಕಿಕೊಂಡರು, ಇದು ಡಬ್ಬಿ ಸೇರಿತು. "ನಿನಗೂ ಐವತ್ತಾಯ್ತು, ಇನ್ಯಾವಾಗ ಹಾಕ್ಕೊಳ್ತೀಯ, ಉಂಗುರ ಮಾಡಿಸ್ಕೊ" ಅಂದರು ಅಮ್ಮ.

ಕಲ್ಲು ದೊಡ್ಡದು, ದುಂಡಗಿನದು. ಆದರೆ ಹೊಳಪು ಅಷ್ಟಕ್ಕಷ್ಟೆ. ಹಳೇ ಕಾಲದ ಓಲೆಗಳಲ್ಲಿ ಹಿಂಬದಿ ಪೂರ್ತಿ ಮುಚ್ಚಿರುತ್ತದೆ. ಕಲ್ಲಿನ ಕೆಳಗೆ ತೆಳು ತಗಡು ಇಟ್ಟು ಕೂರಿಸುತ್ತಿದ್ದರು. ಹೊಸದರಲ್ಲಿ ಅದು ಕನ್ನಡಿ ಹಾಗೆ ಬೆಳಕು ವಾಪಸ್ ಕಳಿಸುತ್ತದೆ. ಎಣ್ಣೆ, ಸೀಗೆಕಾಯಿ, ಬೆವರು ಒಳಗೆ ಇಳಿದ ಮೇಲೆ ಕಪ್ಪಾಗುತ್ತದೆ. ಅಮ್ಮ ಮಾತ್ರ "ಇದು ಬ್ಲೂ ಜಾಗರ್ ಕಣೇ, ಸಾಮಾನ್ಯ ಅಲ್ಲ" ಅಂತ ಹೇಳುತ್ತಲೇ ಇದ್ದರು. ನಮ್ಮ ಕಡೆ ಹಳೇ ವಜ್ರ ಇರುವ ಪ್ರತಿ ಮನೆಯಲ್ಲೂ ಈ ಮಾತು ಕೇಳಬಹುದು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯಿಂದ ಬಂದ ಹೆಸರು ಅದು. 1893ರಲ್ಲಿ 995 ಕ್ಯಾರೆಟ್‌ನ ಎಕ್ಸೆಲ್ಸಿಯರ್ ವಜ್ರ ಸಿಕ್ಕಿದ್ದೂ ಅಲ್ಲೇ. ನೀಲಿ ಛಾಯೆಯ ಬಿಳಿ ಕಲ್ಲುಗಳಿಗೆ ಆ ಗಣಿ ಹೆಸರುವಾಸಿಯಾಗಿತ್ತು.

ಮೈಸೂರಿನ ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಮಗೆ ಪರಿಚಯದ ಆಚಾರ್ರು ಇದ್ದಾರೆ. ಕಣ್ಣ ಮುಂದೆಯೇ ಬಿಚ್ಚಿಕೊಡಿ ಅಂದೆ. ಅವರಿಗೆ ಬೇಜಾರಾಗಲಿಲ್ಲ, ಇನ್ನೊಂದು ಸ್ಟೂಲ್ ಎಳೆದು ಕೊಟ್ಟರು. ಓಲೆಯನ್ನು ಅರಗಿನಲ್ಲಿ ಕೂರಿಸಿ, ಕೂದಲಿನಷ್ಟು ತೆಳ್ಳಗಿನ ಗರಗಸದಿಂದ ಹಿಂಬದಿಯ ಮುಚ್ಚಳ ಕೊಯ್ದರು. ಮೊದಲು ಉದುರಿದ್ದು ಕಲ್ಲಲ್ಲ, ಕಪ್ಪು ಹೊಟ್ಟು. ಬೆಂದು ಸೀದ ಈರುಳ್ಳಿ ಸಿಪ್ಪೆ ಥರ. ಅದೇ ಆ ತಗಡು. ಆಮೇಲೆ ಕಲ್ಲು ಬಿಳಿ ಕಾಗದದ ಮೇಲೆ ಬಿದ್ದು ಒಂದು ಸುತ್ತು ಉರುಳಿತು. ತೊಳೆದು ಚಿಮುಟದಲ್ಲಿ ಎತ್ತಿ ಹಿಡಿದಾಗ ನನಗೆ ಬಾಯಲ್ಲಿ ಮಾತು ಬರಲಿಲ್ಲ. ಇಷ್ಟು ದಿನ ಮಂಕಾಗಿದ್ದಿದ್ದು ಕಲ್ಲಲ್ಲ, ಅದರ ಗೂಡು.

ಅಮ್ಮ ನೋಡಿದ್ದು ಬೇರೆ. "ಮಧ್ಯದಲ್ಲಿ ತೂತು ಇದೆಯಲ್ಲೇ!"

ತೂತಲ್ಲ. ಹಳೇ ಬೆಲ್ಜಿಯಂ ಕಲ್ಲುಗಳಲ್ಲಿ ಕೆಳಗಿನ ಚೂಪು ತುದಿಯನ್ನು ಸ್ವಲ್ಪ ಸಮತಟ್ಟು ಮಾಡಿರುತ್ತಿದ್ದರು. ಅದಕ್ಕೆ ಕ್ಯುಲೆಟ್ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ಸಣ್ಣ ಕಿಟಕಿ ಹಾಗೆ ಕಾಣುತ್ತದೆ. ಈಗಿನ ದುಂಡು ಕಲ್ಲುಗಳಲ್ಲಿ ಅದು ಕಾಣುವುದಿಲ್ಲ.

ಬಿಡಿ ಕಲ್ಲನ್ನು ಬೆಂಗಳೂರಿನ ಲ್ಯಾಬಿಗೆ ಕೊಟ್ಟೆ. 1.86 ಕ್ಯಾರೆಟ್. ಅಗಲ 7.7 ಮಿಲಿಮೀಟರ್, ಆಳ 5.1. ಬಣ್ಣ ಕೆ. ಅಂದರೆ ಸಣ್ಣಗೆ ಹಳದಿ ಛಾಯೆ. ಬ್ಲೂ ಜಾಗರ್ ಅಲ್ಲ. ಅಮ್ಮನ ಪ್ರಕಾರ ಲ್ಯಾಬಿನವರಿಗೆ ಏನೂ ಗೊತ್ತಿಲ್ಲ.

ಇನ್ನು ಉಂಗುರ. ರಾಟರ್‌ಡ್ಯಾಮ್‌ನಲ್ಲಿರುವ ಮಗಳು ದಿನಕ್ಕೆ ಹತ್ತು ಫೋಟೋ ಕಳಿಸುತ್ತಿದ್ದಳು. ಎಲ್ಲದರಲ್ಲೂ ಸಪೂರ ಪಟ್ಟಿ, ಮೇಲೆ ಲೋಹದ ಆರು ಉಗುರಿನಲ್ಲಿ ಎತ್ತಿ ಹಿಡಿದ ಕಲ್ಲು. ಟಿಫನಿ ಕಂಪನಿ 1886ರಲ್ಲಿ ಶುರು ಮಾಡಿದ ಮಾದರಿ, ಇವತ್ತಿಗೂ ಹಳತಾಗಿಲ್ಲ. ಚೆಂದವೇ, ಇಲ್ಲ ಅನ್ನಲ್ಲ. ಕಲ್ಲಿಗೆ ಎಲ್ಲ ಕಡೆಯಿಂದ ಬೆಳಕು ಸಿಗುತ್ತದೆ. ಆದರೆ ಆ ಉಗುರುಗಳನ್ನು ನೋಡಿದಾಗಲೆಲ್ಲ ನನಗೆ ನೆನಪಾಗಿದ್ದು ಕಟ್ಟುಹಲ್ಲಿನ ಕ್ಲಾಸ್ಪ್. ಪಕ್ಕದ ಹಲ್ಲನ್ನು ಹಿಡಿದುಕೊಳ್ಳುವ ತಂತಿ ಕೊಕ್ಕೆ. ಮೆತ್ತಗಿನ ಲೋಹದಲ್ಲಿ ಮಾಡಿದರೆ ಸ್ವಲ್ಪ ದಿನಕ್ಕೇ ಅಗಲವಾಗುತ್ತದೆ. ಪೇಷೆಂಟ್ "ಹಲ್ಲು ಅಲ್ಲಾಡ್ತಿದೆ ಡಾಕ್ಟ್ರೇ" ಅಂತ ಬರುತ್ತಾರೆ. ಇಲ್ಲಿ ಅಲ್ಲಾಡುವುದು 1.86 ಕ್ಯಾರೆಟ್. 22 ಕ್ಯಾರೆಟ್ ಚಿನ್ನದ ಉಗುರು ಬೇಡವೇ ಬೇಡ ಅಂತ ಆಚಾರ್ರೂ ಅಂದರು. 18 ಕ್ಯಾರೆಟ್ ಅಥವಾ ಪ್ಲಾಟಿನಂ.

ಬೆಂಗಳೂರಿನ ಒಂದು ದೊಡ್ಡ ಅಂಗಡಿಗೂ ಹೋದೆ. ಅಲ್ಲಿನ ಹುಡುಗ ಹೇಲೋ ತೋರಿಸಿದ. ದೊಡ್ಡ ಕಲ್ಲಿನ ಸುತ್ತ ಸಾಸಿವೆಯಂಥ ಪುಟ್ಟ ವಜ್ರಗಳ ಪ್ರಭಾವಳಿ. "ಕಲ್ಲು ಇನ್ನೂ ದೊಡ್ಡದಾಗಿ ಕಾಣುತ್ತೆ ಮೇಡಂ." ಅಲ್ಲಪ್ಪಾ, ಇರೋದೇ ಅವರೆಕಾಳಿನ ಗಾತ್ರ, ಇನ್ನೂ ದೊಡ್ಡದಾಗಿ ಕಂಡು ಏನಾಗಬೇಕು? ಅದಿರಲಿ, ಇನ್ನೊಂದು ತೊಂದರೆ ಅಲ್ಲೇ ಟ್ರೇ ಮೇಲೆ ಗೊತ್ತಾಯಿತು. ನನ್ನ ಕಲ್ಲನ್ನು ಆ ಬೆಳ್ಳನೆ ಪುಟ್ಟ ವಜ್ರಗಳ ಪಕ್ಕ ಇಟ್ಟ ಕೂಡಲೇ ಅದು ಹಳದಿಯಾಗಿ ಕಂಡಿತು. ಒಂಟಿಯಾಗಿದ್ದಾಗ ಬೆಳ್ಳಗೇ ಇತ್ತು. ಬಿಳಿ ಚಿನ್ನದಲ್ಲೂ ಅದೇ ಕಥೆ. ಹಳದಿ ಚಿನ್ನದ ಮೇಲಿಟ್ಟರೆ ಮಾತ್ರ ಹಳದಿ ಛಾಯೆ ಚಿನ್ನದ್ದೋ ಕಲ್ಲಿನದ್ದೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಸರಿ, ಲೋಹ ಅಲ್ಲಿಗೆ ತೀರ್ಮಾನವಾಯಿತು.

ಅಮ್ಮನದು ಒಂದೇ ಷರತ್ತು. ಹಿಂಬದಿ ತೆರೆದಿರಬೇಕು, ಕಲ್ಲು ಚರ್ಮಕ್ಕೆ ತಾಗಬೇಕು. ಶುಕ್ರನ ಕಲ್ಲಲ್ವಾ. ಅದಕ್ಕೂ ಮುಂಚೆ ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಮಲಗು, ಆಗಿಬರುತ್ತಾ ನೋಡು ಅಂದರು. ಮೊದಲ ರಾತ್ರಿ ಕೆಟ್ಟ ನಿದ್ದೆ. ಎರಡನೇ ರಾತ್ರಿ ಸೊಳ್ಳೆ ಪರದೆ ಹಾಕಿದೆ, ಆಗಿಬಂತು.

ಆಚಾರ್ರು ಒಂದು ಒಳ್ಳೇ ಕೆಲಸ ಮಾಡಿದರು. ಬೆಳ್ಳಿಯಲ್ಲಿ ಆರು ಉಗುರಿನ ಒಂದು ಮಾದರಿ ಉಂಗುರ, ಅದಕ್ಕೆ ಹೆಚ್ಚುಕಮ್ಮಿ ಅದೇ ಅಳತೆಯ ಅಮೆರಿಕನ್ ಡೈಮಂಡ್. "ಒಂದು ವಾರ ಹಾಕ್ಕೊಂಡು ಓಡಾಡಿ." ಉಂಗುರ ಮಾಡಿಸುವ ಯಾರಿಗಾದರೂ ನಾನು ಹೇಳುವುದು ಇದನ್ನೇ.

ಮೊದಲನೇ ದಿನವೇ ಮರೆತು ಅದರ ಮೇಲೆ ಗ್ಲೌಸ್ ಎಳೆದೆ, ಚರ್ರನೆ ಹರಿಯಿತು. (ಗ್ಲೌಸ್ ಒಳಗೆ ಉಂಗುರ ಹಾಕಬಾರದು ಅಂತ ನನಗೂ ಗೊತ್ತು, ವಿದ್ಯಾರ್ಥಿಗಳಿಗೆ ಬೈದದ್ದೂ ಉಂಟು.) ಎರಡನೇ ದಿನ ಬಿಚ್ಚಿ ಕೋಟಿನ ಜೇಬಿಗೆ ಹಾಕಿದೆ. ಸಂಜೆ ಅದು ವಾಷಿಂಗ್ ಮೆಷಿನ್‌ನಲ್ಲಿ ಗಡಗಡ ಅಂತು. ಭಾನುವಾರ ಒಂದು ಮದುವೆ, ಮೈಸೂರು ಸಿಲ್ಕ್ ಸೀರೆ. ಸೆರಗು ಸರಿ ಮಾಡಿಕೊಳ್ಳುವಾಗ ಉಂಗುರದ ಉಗುರು ನೂಲು ಹಿಡಿದು ಎಳೆಯಿತು. ಸೀರೆ ನನ್ನದಲ್ಲ, ನಾದಿನಿಯದು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಇನ್ನೊಂದು, ತಿರುಗುವುದು. ದೊಡ್ಡ ಕಲ್ಲು, ಸಪೂರ ಪಟ್ಟಿ ಆದರೆ ತಲೆಭಾರಕ್ಕೆ ಕಲ್ಲು ಅಂಗೈ ಕಡೆ ಜಾರುತ್ತದೆ. ಆ ವಾರ ಪೂರ್ತಿ ಅದನ್ನು ಹೆಬ್ಬೆರಳಿನಿಂದ ಸರಿ ಮಾಡುವುದೇ ನನ್ನ ಕೆಲಸವಾಯಿತು. ಅಮೆರಿಕನ್ ಡೈಮಂಡ್ ಅದೇ ಅಳತೆಯ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಕ, ನಿಜವಾದ ಕಲ್ಲು ಇಷ್ಟು ಜಾರಲ್ಲ ಅಂತ ಆಚಾರ್ರು ಸಮಾಧಾನ ಹೇಳಿದರು. ಆದರೂ 5 ಮಿಲಿಮೀಟರ್ ಆಳದ ಕಲ್ಲು ಬೆರಳಿನ ಮೇಲೆ ಎತ್ತರಕ್ಕೆ ನಿಲ್ಲಲೇಬೇಕು. ಅದನ್ನು ಉಗುರಿನ ಮೇಲೆ ಇನ್ನೂ ಎತ್ತಿದರೆ ಬಾಗಿಲಿನ ಚಿಲಕ, ಕುಕ್ಕರ್ ಹಿಡಿ, ಎಲ್ಲದಕ್ಕೂ ಬಡಿಯುತ್ತದೆ.

ಆದರೆ ಕೊನೆಗೆ ತೀರ್ಮಾನ ಮಾಡಿದ್ದು ಸೀರೆಯೂ ಅಲ್ಲ, ಚಿಲಕವೂ ಅಲ್ಲ. ನಾನು ಕ್ಲಿನಿಕ್‌ನಲ್ಲಿ ಹಾಕುವ, ಚಿಕ್ಕದನ್ನು ದೊಡ್ಡದಾಗಿ ತೋರಿಸುವ ಲೂಪ್ ಕನ್ನಡಕ ತಂದಿದ್ದೆ. ಸುಮ್ನೆ ಕಲ್ಲನ್ನು ತಿರುಗಿಸಿ ನೋಡುತ್ತಿದ್ದೆ. ಅಂಚಿನಲ್ಲಿ ಒಂದು ಕಡೆ ಬೆಳಕು ತಪ್ಪಿ ಹೋಗುತ್ತಿತ್ತು. ಆಚಾರ್ರು ತಮ್ಮ 10 ಪಟ್ಟಿನ ಲೂಪ್‌ನಲ್ಲಿ ನೋಡಿ "ಚಕ್ಕೆ ಎದ್ದಿದೆ" ಅಂದರು. ಅರ್ಧ ಮಿಲಿಮೀಟರ್ ಇರಬಹುದು. ಓಲೆಯ ಚಿನ್ನದ ಕೆಳಗೆ ಇಷ್ಟು ವರ್ಷ ಮುಚ್ಚಿಕೊಂಡಿತ್ತು. ವಜ್ರವನ್ನು ಗೀರಲು ಇನ್ನೊಂದು ವಜ್ರವೇ ಬೇಕು, ನಿಜ. ಆದರೆ ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಹಲ್ಲಿನ ಎನಾಮಲ್ ಕಥೆಯೂ ಹೀಗೇ, ಗಟ್ಟಿ ಅಂದರೆ ಒಡೆಯಲ್ಲ ಅಂತೇನಿಲ್ಲ. ಈ ಕಲ್ಲಿನ ಸೊಂಟದ ಅಂಚು ಬೇರೆ ಬ್ಲೇಡಿನಷ್ಟು ತೆಳು.

ಆರು ಉಗುರು ಹಾಕಿದರೆ ಒಂದನ್ನು ಚಕ್ಕೆಯ ಮೇಲೆ ಕೂರಿಸಿ ಮುಚ್ಚಬಹುದಿತ್ತು. ಉಳಿದ ತೆಳು ಅಂಚೆಲ್ಲ ಬಯಲಿನಲ್ಲಿ. ಬೆಜಲ್ ಆದರೆ ಕಲ್ಲಿನ ಸುತ್ತ ಬಳೆ ತೊಡಿಸಿದ ಹಾಗೆ ಪೂರ್ತಿ ಚಿನ್ನದ ಅಂಚು. ಮಗಳು "ಅಮ್ಮಾ, ಅದು ಅಂಕಲ್‌ಗಳ ಉಂಗುರ" ಅಂದಳು. ಆಗಲಿ ಬಿಡು.

ಮೇಣದಲ್ಲಿ ಮಾದರಿ ಕೆತ್ತಿ, ಅದರ ಸುತ್ತ ಪ್ಲಾಸ್ಟರ್‌ನಂಥದ್ದು ಸುರಿದು, ಮೇಣ ಕರಗಿಸಿ ಆಚೆ ಹಾಕಿ, ಆ ಜಾಗಕ್ಕೆ ಚಿನ್ನ ಎರೆಯುವುದು. ಲೋಹದ ಹಲ್ಲಿನ ಕ್ಯಾಪ್ ಮಾಡುವುದೂ ಹೀಗೇ. 1907ರಲ್ಲಿ ವಿಲಿಯಂ ಟ್ಯಾಗರ್ಟ್ ಅನ್ನುವ ಅಮೆರಿಕದ ದಂತವೈದ್ಯರು ಇದನ್ನು ನಮ್ಮ ಕಸುಬಿಗೆ ತಂದರು ಅಂತ ಕಾಲೇಜಿನಲ್ಲಿ ಓದಿದ್ದೆ. ಆಚಾರ್ರಿಗೆ ಹೇಳಿದೆ. "ನೀವು ನಮ್ಮಿಂದ ಕದ್ದಿದ್ದು" ಅಂದರು.

ಕಲ್ಲು ಕೂರಿಸುವ ದಿನ ಮತ್ತೆ ಸ್ಟೂಲ್ ಮೇಲೆ ಕೂತೆ. ಮೊದಲು ಚಕ್ಕೆ ಎಲ್ಲಿದೆ ಅಂತ ನೋಡಿಕೊಂಡೆ. ನನ್ನ ಕಲ್ಲಿಗೆ ಅದೇ ಗುರುತು. ಅಂಚನ್ನು ಒಂದೇ ಕಡೆಯಿಂದ ಸುತ್ತಿಕೊಂಡು ಬರಲಿಲ್ಲ ಅವರು. ಉತ್ತರಕ್ಕೆ ಒಂದು ಒತ್ತು, ಆಮೇಲೆ ದಕ್ಷಿಣಕ್ಕೆ, ಪೂರ್ವಕ್ಕೆ, ಪಶ್ಚಿಮಕ್ಕೆ. ಕಾರಿನ ಚಕ್ರಕ್ಕೆ ನಟ್ಟು ಬಿಗಿಯುವ ಹಾಗೆ. ಚಕ್ಕೆಯ ಹತ್ತಿರ ಬಂದಾಗ ಉಸಿರು ಹಿಡಿದರು. ನಾನೂ ಹಿಡಿದೆ. ಮುಕ್ಕಾಲು ಗಂಟೆ. ಆಮೇಲೆ ಉಕ್ಕಿನ ಕಡ್ಡಿಯಿಂದ ಉಜ್ಜಿ ಅಂಚನ್ನು ನುಣುಪು ಮಾಡಿದರು.

ಪಟ್ಟಿ 3 ಮಿಲಿಮೀಟರ್ ಅಗಲ, 18 ಕ್ಯಾರೆಟ್, 6.4 ಗ್ರಾಂ. ಕಲ್ಲು ಚಿಕ್ಕದಾಗಿ ಕಾಣಬಹುದು ಅಂತ ಹೆದರಿದ್ದೆ. ಹೊಳೆಯುವ ಚಿನ್ನದ ಅಂಚು ಸೇರಿ ಇನ್ನೂ ಅಗಲವಾಗಿಯೇ ಕಾಣುತ್ತದೆ. ಕ್ಲಿನಿಕ್‌ಗೆ ಹಾಕುವುದಿಲ್ಲ. ಮನೆಯಲ್ಲೂ ಚಪಾತಿ ಹಿಟ್ಟು ಕಲಸುವಾಗ ತೆಗೆದಿಡುತ್ತೇನೆ. ವಜ್ರಕ್ಕೆ ಜಿಡ್ಡು ಅಂದರೆ ಪ್ರಾಣ. ಹಿಂದೆ ಗಣಿಗಳಲ್ಲಿ ಗ್ರೀಸ್ ಹಚ್ಚಿದ ಮೇಜಿನ ಮೇಲೆ ಅದಿರು ಹರಿಸಿ, ಅಂಟಿಕೊಂಡ ವಜ್ರ ಆರಿಸುತ್ತಿದ್ದರು. ಮಂಕಾದರೆ ಅಂಟುವಾಳದ ನೀರು, ಹಳೇ ಮೆತ್ತಗಿನ ಬ್ರಷ್. ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಷ್‌ಗೇನೂ ಬರವಿಲ್ಲ.

ಅಮ್ಮ ಉಂಗುರವನ್ನು ಮೊದಲು ಹಿಂದೆ ತಿರುಗಿಸಿಯೇ ನೋಡಿದರು. ತೆರೆದಿತ್ತು. ಆದರೆ ಕಲ್ಲಿನ ತುದಿ ಬೆರಳಿಗೆ ತಾಗದ ಹಾಗೆ ಒಂದು ಎಳೆಯಷ್ಟು ಮೇಲೆ ಇಟ್ಟಿದ್ದರು ಆಚಾರ್ರು. ತಾಗಿದರೆ ತುದಿಗೂ ಪೆಟ್ಟು, ಬೆರಳಿಗೂ ಚುಚ್ಚುತ್ತದೆ. ಅಮ್ಮ ಸ್ವಲ್ಪ ಯೋಚಿಸಿ, "ಗಾಳಿ ತಾಗಿದ್ರೂ ಆಗುತ್ತೆ" ಅಂದರು.

ಆಮೇಲೆ ಖಾಲಿ ಓಲೆ ಎಲ್ಲಿ ಅಂತ ಕೇಳಿದರು. ಅದು ಬ್ಯಾಗಿನಲ್ಲೇ ಇತ್ತು. ಉಂಗುರದ ಚಿನ್ನಕ್ಕೆ ಕರಗಿಸಲು ಮನಸ್ಸು ಬರದೆ ಹಾಗೇ ತಂದಿದ್ದೆ. ಕೈಯಲ್ಲಿ ಹಿಡಿದು, ಹಿಂಬದಿಯ ಕೊಯ್ದ ಜಾಗದಿಂದ ಕಿಟಕಿ ಕಡೆ ನೋಡಿದರು.

"ಇದಕ್ಕೊಂದು ಅಮೆರಿಕನ್ ಡೈಮಂಡ್ ಹಾಕಿಸ್ಕೊಡು."

"ಒಂಟಿ ಓಲೆ ಇಟ್ಕೊಂಡು ಏನ್ಮಾಡ್ತೀಯಮ್ಮ?"

"ಒಂಟಿ ಯಾಕೆ, ಇದರ ಜೋಡಿ ಕಪಿಲೇಲಿ ಇದೆಯಲ್ಲ."