ನಾಲ್ಕು ಗಂಟೆ ಮೇಲೆ, ನಾಲ್ಕು ಗಂಟೆ ಕೆಳಗೆ

ಹಾಯಿದೋಣಿಗಳ ಸಾಗರ ರೇಸಿನಲ್ಲಿ ಹಗಲು ರಾತ್ರಿಗೆ ಅರ್ಥವಿಲ್ಲ. ಇರುವುದು ವಾಚ್, ಅಂದರೆ ಕೆಲಸದ ಪಾಳಿ, ಮಾತ್ರ. ನಾಲ್ಕು ಗಂಟೆ ಡೆಕ್ ಮೇಲೆ, ನಾಲ್ಕು ಗಂಟೆ ಕೆಳಗೆ. ಆ ನಾಲ್ಕೂ ಗಂಟೆ ನಿದ್ದೆ ಸಿಗುತ್ತದೆ ಅಂದುಕೊಳ್ಳಬೇಡಿ. ಒದ್ದೆ ಜಾಕೆಟ್, ಬೂಟು, ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ ಹಾರ್ನೆಸ್ ಕಳಚುವುದಕ್ಕೇ ಇಪ್ಪತ್ತು ನಿಮಿಷ ಬೇಕು. ವಾಲಿದ ದೋಣಿಯಲ್ಲಿ ಒಂಟಿ ಕಾಲಲ್ಲಿ ನಿಂತು ಪ್ಯಾಂಟ್ ಬಿಚ್ಚುವುದು ಸರ್ಕಸ್ಸೇ. ಮಲಗುವ ಬಂಕ್ ಕೂಡ ನನ್ನೊಬ್ಬನದಲ್ಲ. ಈಗಷ್ಟೇ ಎದ್ದು ಹೋದವನ ಮೈಬಿಸಿ ಅದರಲ್ಲೇ ಇರುತ್ತದೆ. ಸುಮ್ನೆ ಹೇಳುತ್ತಿಲ್ಲ, ದಕ್ಷಿಣ ಮಹಾಸಾಗರದ ಚಳಿಯಲ್ಲಿ ಅದೇ ದೊಡ್ಡ ಸುಖ.

ಬಿರುಗಾಳಿಗಿಂತ ಜಾಸ್ತಿ ಕಾಡಿದ್ದು ಸಮಭಾಜಕದ ಹತ್ತಿರದ ಡೋಲ್ಡ್ರಮ್ಸ್. ಗಾಳಿಯಿಲ್ಲ, ಹಾಯಿ ಜೋತು ಬಿದ್ದಿರುತ್ತದೆ, ಒಳಗೆ ವಿಪರೀತ ಸೆಕೆ. ಒಳ್ಳೆಯವರೂ ಚಮಚಕ್ಕಾಗಿ ಜಗಳ ಆಡುತ್ತಾರೆ.

ಸಮುದ್ರದಲ್ಲಿ ನೆಲದಿಂದ ಅತಿ ದೂರದ ಜಾಗ ಪೆಸಿಫಿಕ್‌ನ ಪಾಯಿಂಟ್ ನೆಮೊ. ಅಲ್ಲಿಂದ ಅತಿ ಹತ್ತಿರದ ನೆಲವೇ ಸುಮಾರು 2,688 ಕಿ.ಮೀ. ದೂರ. ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ನೆತ್ತಿ ಮೇಲೆ ಹಾದರೆ, ಬೇರೆ ದೋಣಿಗಳನ್ನು ಬಿಟ್ಟರೆ, ಹತ್ತಿರದ ಮನುಷ್ಯರು ಗಗನಯಾತ್ರಿಗಳೇ! ಇದನ್ನು ಕೇಳಿ ಎಲ್ಲರೂ ಬೆರಗಾಗಿ ಮೇಲೆ ನೋಡಿದರು. ನನ್ನ ತಲೆಯಲ್ಲಿ ಇದ್ದದ್ದು ಕೆಟ್ಟು ಕೂತಿದ್ದ ವಾಟರ್‌ಮೇಕರ್. ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಯಂತ್ರ ಅದೊಂದೇ ಅಲ್ವಾ? ರಿಪೇರಿ ಆಗುವವರೆಗೆ ನೀರು ಅಳೆದು ಅಳೆದು ಕೊಟ್ಟರು. ಸ್ನಾನದ ಮಾತು ಮೊದಲೇ ಇರಲಿಲ್ಲ, ಬಿಡಿ.