ಫ್ಲೂಯೆಂಟ್‌ಡಿನಾ, ಫ್ಲೂಯೆಂಟ್ ಬಿಟ್ಟಾ? ಕೇಳಿಸಿಕೊಂಡು ಸಾಕಾಗಿದೆ

"ಎರಡರಲ್ಲಿ ಯಾವುದು ಬೆಸ್ಟು ಸರ್, ಒಂದೇ ಮಾತಲ್ಲಿ ಹೇಳಿಬಿಡಿ." ಈ "ಒಂದೇ ಮಾತಲ್ಲಿ" ಅನ್ನೋದು ಕೇಳಿದರೇ ನನಗೆ ಮೈ ಉರಿಯುತ್ತೆ. ಆಫೀಸಿನ ಚಾಟ್‌ನಲ್ಲಿ ಕೇಳುತ್ತಾರೆ, ಲಿಫ್ಟಿನಲ್ಲಿ ಕೇಳುತ್ತಾರೆ. ಮೊನ್ನೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದ ಎಲೆಯ ಹುಡುಗ ಕೇಳಿದ. ಇನ್ನು ಮೇಲೆ ಯಾರೇ ಕೇಳಲಿ, ಈ ಲಿಂಕ್ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಗೊತ್ತಿಲ್ಲದವರಿಗೆ: ಸರ್ವರ್, ಕಂಟೇನರ್‌ಗಳಲ್ಲಿ (ಪ್ರೋಗ್ರಾಮು ಓಡುವ ಪ್ರತ್ಯೇಕ ಡಬ್ಬಿಗಳು ಅಂದುಕೊಳ್ಳಿ) ಪ್ರೋಗ್ರಾಮುಗಳು ಏನಾಯಿತೆಂದು ಉಗುಳುವ ಲಾಗ್ ಸಾಲುಗಳನ್ನು ಹೆಕ್ಕಿ, ಅವನ್ನು ಕೂಡಿಟ್ಟು ಹುಡುಕಲು ಕೊಡುವ ಎಲಾಸ್ಟಿಕ್‌ಸರ್ಚ್‌ಗೋ ಅಮೆಜಾನ್‌ನ ಉಗ್ರಾಣ ಎಸ್3ಗೋ ತಲುಪಿಸುವ ಓಪನ್ ಸೋರ್ಸ್ ಟೂಲುಗಳಿವು. ಎರಡೂ ಟ್ರೆಷರ್ ಡೇಟಾ ಕಂಪನಿಯಲ್ಲಿ ಹುಟ್ಟಿದವು. ಅಣ್ಣ ಫ್ಲೂಯೆಂಟ್‌ಡಿ, 2011ರದು, ಸದಾಯುಕಿ ಫುರುಹಾಶಿ ಶುರು ಮಾಡಿದ್ದು, ಹೆಚ್ಚಿನ ಪಾಲು ರೂಬಿ. ತಮ್ಮ ಫ್ಲೂಯೆಂಟ್ ಬಿಟ್, ಎಡ್ವಾರ್ಡೊ ಸಿಲ್ವಾ ಬರೆದದ್ದು, ಪೂರ್ತಿ ಸಿ. ಎಂಬೆಡೆಡ್ ಲಿನಕ್ಸ್‌ನ ಪುಟ್ಟ ಸಾಧನಗಳಿಗೆ ಅಂತ ಶುರುವಾಗಿ ಆಮೇಲೆ ಕಂಟೇನರ್‌ಗಳ ಹಿಂಡನ್ನು ಮೇಯಿಸುವ ಕುಬರ್ನೆಟೀಸ್‌ಗೆ ಬಂದು ಕೂತಿತು. ಇಬ್ಬರೂ ಈಗ ಇಂಥ ಓಪನ್ ಸೋರ್ಸ್ ಟೂಲುಗಳನ್ನು ಪೋಷಿಸುವ ಸಿಎನ್‌ಸಿಎಫ್ ಸಂಸ್ಥೆಯ ಒಂದೇ ಸೂರಿನಡಿ ಇದ್ದಾರೆ, ಲೈಸೆನ್ಸೂ ಒಂದೇ. ಅವರಿಗೇ ಇಲ್ಲದ ಜಗಳ ನಮ್ಮ ಜನಕ್ಕೆ! ಆಸ್ತಿ ಪಾಲಿಗೆ ಬಂದ ಪಂಚಾಯ್ತಿಯವರ ಥರ ಕೇಳುತ್ತಾರೆ.

"ಆದರೆ ಬಿಟ್ ಒಂದು ಎಂಬಿ ಮೆಮೊರಿಯಲ್ಲೇ ಓಡುತ್ತಂತಲ್ಲ?" ಡಾಕ್ಯುಮೆಂಟೇಶನ್‌ನ ಆ ಕೋಷ್ಟಕ ನಾನೂ ನೋಡಿದ್ದೇನೆ ಸ್ವಾಮಿ. ಅಣ್ಣನಿಗೆ 60 ಎಂಬಿ ಮೇಲೆ, ತಮ್ಮನಿಗೆ 1 ಎಂಬಿ ಆಸುಪಾಸು. ಆ ಲೆಕ್ಕ ಕೆಲಸವಿಲ್ಲದೆ ಕೂತಾಗಿನದು. ಜಾವಾ ಎರರ್‌ನ ಉದ್ದುದ್ದ ಸಾಲುಗಳನ್ನು ಒಂದು ಮಾಡು, ಯಾವ ಕಂಟೇನರ್ ಗುಂಪಿನದು ಅನ್ನೋ ಪಾಡ್ ಲೇಬಲ್ ಅಂಟಿಸು, ಲುವಾ ಸ್ಕ್ರಿಪ್ಟ್ ಓಡಿಸು ಅಂತ ಹೊರಿಸಿದ ಮೇಲೆ ಅದೂ ಹತ್ತಾರು ಎಂಬಿ ನುಂಗುತ್ತೆ. ಆದರೂ ಅಣ್ಣನಿಗಿಂತ ಕಮ್ಮಿಯೇ, ಒಪ್ಪಿದೆ. ಅಣ್ಣನ ಬಲ ಬೇರೆ: ಸಾವಿರದ ಮೇಲೆ ಪ್ಲಗಿನ್‌ಗಳಿವೆ (ಹೊಸ ಕೆಲಸ ಕಲಿಸುವ ಜೋಡಣೆಗಳು), ಇಲ್ಲದ್ದನ್ನು ರೂಬಿಯಲ್ಲಿ ನೀವೇ ಬರೆದುಕೊಳ್ಳಬಹುದು.

ನನ್ನ ತಲೆ ಕೆಟ್ಟಿದ್ದು ಒಂದು ಟೀಮಿನ ಜೊತೆಗಿನ ಮೀಟಿಂಗಿನಲ್ಲಿ. ಆ ಟೀಮಿನವರ ಎಲಾಸ್ಟಿಕ್‌ಸರ್ಚ್‌ನ ಡಿಸ್ಕ್ ಶೇ. 95 ದಾಟಿತ್ತು. ಆ ಗಡಿ ಮುಟ್ಟಿದರೆ ಅದು ಇಂಡೆಕ್ಸ್‌ಗಳಿಗೆ (ಲಾಗ್ ಇಡುವ ಕಪಾಟುಗಳಿಗೆ) ಬೀಗ ಹಾಕಿ ಹೊಸ ಲಾಗ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತೆ. ಇವರ ಫ್ಲೂಯೆಂಟ್ ಬಿಟ್‌ಗೆ ಮತ್ತೆ ಎಷ್ಟು ಸಲ ಕಳಿಸಿ ನೋಡಬೇಕು ಅನ್ನೋ ರೀಟ್ರೈ ಮಿತಿಯೇ ಇರಲಿಲ್ಲ, ಕಳಿಸಲಾಗದ್ದು ಕಾಯುವ ಮೆಮೊರಿ ಬಫರ್ ಮಾತ್ರ 5 ಎಂಬಿ, ಎಲ್ಲಿಂದಲೋ ಕಾಪಿ ಹೊಡೆದದ್ದು. ಅದು ತುಂಬಿದ ಕೂಡಲೇ "ಪಾಝ್ಡ್, ಮೆಮ್ ಬಫ್ ಓವರ್‌ಲಿಮಿಟ್" (ಬಫರ್ ಮಿತಿ ಮೀರಿದೆ, ನಿಲ್ಲಿಸಿದ್ದೇನೆ) ಅಂತ ಒಂದು ಸಾಲು ಬರೆದು ಓದುವುದನ್ನು ನಿಲ್ಲಿಸಿದೆ. ಪಾಪ, ಬಾಯಿಬಿಟ್ಟು ಹೇಳಿದೆ, ಆ ಸಾಲು ನೋಡುವವರೇ ಇರಲಿಲ್ಲ. ಇತ್ತ ಪ್ರತಿ ಸರ್ವರ್‌ನಲ್ಲಿರುವ ಕುಬರ್ನೆಟೀಸ್‌ನ ಕಾವಲುಗಾರ ಕುಬ್ಲೆಟ್ ತನ್ನ ಪಾಡಿಗೆ ತಾನು ಲಾಗ್ ಫೈಲ್ ತಿರುಗಿಸುತ್ತಿದೆ. ಅದರ ಡೀಫಾಲ್ಟು ಕಂಟೇನರ್ ಒಂದಕ್ಕೆ 10 ಎಂಬಿಯ 5 ಫೈಲ್, ಆಮೇಲೆ ಹಳೆಯದು ಕಸದ ಬುಟ್ಟಿಗೆ. ಬೆಳಿಗ್ಗೆ ಡಿಸ್ಕ್ ಖಾಲಿ ಮಾಡಿ ಬೀಗ ತೆಗೆಯುವಷ್ಟರಲ್ಲಿ, ನಡುವೆ ಹುಟ್ಟಿದ ಫೈಲುಗಳು ಒಂದು ಸಾಲೂ ಓದಿಸಿಕೊಳ್ಳದೆ ಅಳಿಸಿಹೋಗಿದ್ದವು.

ಅಷ್ಟೂ ಬೋರ್ಡ್ ಮೇಲೆ ಬರೆದು ತೋರಿಸಿದ ಮೇಲೆ ಮ್ಯಾನೇಜರ್ ಸಾಹೇಬರು ಕೇಳಿದ್ದು: "ಹಾಗಾದ್ರೆ ಫ್ಲೂಯೆಂಟ್‌ಡಿ ಹಾಕಿದ್ರೆ ಸರಿ ಇರ್ತಿತ್ತು ಅಲ್ವಾ?"

ಇಲ್ಲ. ಅದರ ಬಫರ್‌ಗೂ ಒಂದು ಮಿತಿ ಇದೆ. ತುಂಬಿದಾಗ ಎರರ್ ಎಸೆಯಬೇಕೋ, ಒಳಬರುವುದನ್ನು ತಡೆಯಬೇಕೋ, ಹಳೆಯ ಚಂಕ್ (ಲಾಗ್‌ಗಳ ಕಟ್ಟು) ಬಿಸಾಡಬೇಕೋ ಅಂತ ಅಲ್ಲೂ ನೀವೇ ಕಾನ್ಫಿಗ್‌ನಲ್ಲಿ ಬರೆಯಬೇಕು. ತಮ್ಮನಿಗೂ ಡಿಸ್ಕ್ ಮೇಲೆ ಕಾಯಿಸುವ ಫೈಲ್‌ಸಿಸ್ಟಮ್ ಬಫರ್ ಇದೆ, ಅವರು ಆನ್ ಮಾಡಿರಲಿಲ್ಲ ಅಷ್ಟೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: "ತಲುಪಬೇಕಾದ ಜಾಗ ಮೂರು ತಾಸು ಬಿದ್ದರೆ ನಮ್ಮ ಲಾಗ್ ಎಲ್ಲಿ ಕಾಯುತ್ತೆ, ಜಾಗ ಸಾಲದಿದ್ದರೆ ಮೊದಲು ಯಾವುದನ್ನು ಬಿಡೋಣ?" ಇದನ್ನು ಕೇಳಿದವರಿಗೆ ಕಾಫಿ ನಾನೇ ಕೊಡಿಸುತ್ತೇನೆ. ಇದಕ್ಕೆ ಉತ್ತರ ಬೇಕಾದರೆ ನಿಮ್ಮಲ್ಲಿ ಸೆಕೆಂಡಿಗೆ ಎಷ್ಟು ಲಾಗ್ ಹುಟ್ಟುತ್ತೆ, ಅದರಲ್ಲಿ ಡೀಬಗ್ ಕಸ ಎಷ್ಟು, ಹಣದ ವ್ಯವಹಾರದ ಸಾಲು ಎಷ್ಟು ಅಂತ ಅಳೆದು ನೋಡಬೇಕಾಗುತ್ತೆ. ಅದು ಬೋರು ಹೊಡೆಸುವ ಕೆಲಸ. ಟೂಲ್ ಬದಲಿಸುವುದು ಮಜಾ, ರೆಸ್ಯೂಮೆಗೂ ಒಂದು ಸಾಲು ಸಿಗುತ್ತೆ.

ಇಷ್ಟು ಓದಿಯೂ "ಅದೆಲ್ಲ ಸರಿ, ಆದರೆ" ಅನ್ನುವವರಿಗೆ: ಪ್ರತಿ ನೋಡ್ (ಕುಬರ್ನೆಟೀಸ್‌ನ ಸರ್ವರ್) ಮೇಲೆ ಫ್ಲೂಯೆಂಟ್ ಬಿಟ್ ಹಾಕಿ, ಅದಕ್ಕೆ ಡಿಸ್ಕ್ ಬಫರ್ ಕೊಡಿ. ರೀಟ್ರೈ ಮಿತಿಯನ್ನು ನೀವೇ ಬರೆಯಿರಿ, ಡೀಫಾಲ್ಟಿಗೆ ಬಿಟ್ಟರೆ ಅದು ಒಂದೇ ಸಲ ಮತ್ತೆ ಪ್ರಯತ್ನಿಸಿ ಚಂಕನ್ನು ಎಸೆಯುತ್ತೆ. ತಮ್ಮನಲ್ಲಿಲ್ಲದ ಪ್ಲಗಿನ್ ಬೇಕಾದರೆ ನಡುವೆ ಫ್ಲೂಯೆಂಟ್‌ಡಿ ಕೂರಿಸಿ. ಇಬ್ಬರೂ 24224 ಪೋರ್ಟ್‌ನಲ್ಲಿ ಫಾರ್ವರ್ಡ್ ಪ್ರೋಟೋಕಾಲ್ ಅನ್ನೋ ಒಂದೇ ಭಾಷೆ ಮಾತಾಡುತ್ತಾರೆ. ಹಳೇ ಫ್ಲೂಯೆಂಟ್‌ಡಿ ತಕರಾರಿಲ್ಲದೆ ಓಡುತ್ತಿದ್ದರೆ ಮುಟ್ಟಬೇಡಿ. ಬಿಟ್‌ನ ಆವೃತ್ತಿ 3.0.4ಕ್ಕಿಂತ ಹಳೆಯದಾದರೆ ಮಾತ್ರ ಇವತ್ತೇ ಅಪ್‌ಗ್ರೇಡ್ ಮಾಡಿ. 2024ರ ಮೇನಲ್ಲಿ ಹೊರಬಿದ್ದ ಗಂಭೀರ ಭದ್ರತಾ ದೋಷ ಸರಿಯಾಗಿದ್ದು ಅದರಲ್ಲಿ.

ಇದೇ ಕೆಲಸದ ಬೇರೆ ಟೂಲುಗಳಾದ ವೆಕ್ಟರ್ ಹೇಗೆ, ಓಪನ್‌ಟೆಲಿಮೆಟ್ರಿ ಹೇಗೆ ಅಂತ ಕಾಮೆಂಟ್ ಹಾಕುವವರಿದ್ದೀರಿ, ಗೊತ್ತು. ಮೊದಲು ಸೆಕೆಂಡಿಗೆ ಎಷ್ಟು ಲಾಗ್ ಅಂತ ಬರೆಯಿರಿ, ಆಮೇಲೆ ನೋಡೋಣ.