ಕೊಳವೆಯ ಒಳಲೇಪನ: ಮೂರನೆಯ ತಿಂಗಳ ದಾಖಲೆ

ಕೊಳವೆಯ ಒಳಗೋಡೆಗೆ ಲೇಪನ ಹಚ್ಚಿ ಹರಿಯುವ ನೀರಿನ ಘರ್ಷಣೆಯನ್ನು ಇಳಿಸಬಹುದೇ ಎಂದು ಪರೀಕ್ಷಿಸುತ್ತಿದ್ದೇನೆ. ಅದಕ್ಕಾಗಿ ಧಾರವಾಡದ ನಮ್ಮ ಮನೆಯ ಮಾಳಿಗೆಯ ಮೇಲೆ ಈಗ 3 ಮೀಟರ್ ಉದ್ದದ, 15 ಮಿ.ಮೀ. ಒಳವ್ಯಾಸದ ಪಿವಿಸಿ ಕೊಳವೆಯೊಂದು ಟ್ಯಾಂಕಿಗಿಂತ 2 ಮೀಟರ್ ಕೆಳಗೆ ಅಡ್ಡಲಾಗಿ ಮಲಗಿದೆ. ಅದರ ಎರಡೂ ತುದಿಗಳಿಗೆ ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪುಗಳನ್ನು ನೆಟ್ಟಗೆ ಜೋಡಿಸಿದ್ದೇನೆ. ಅವುಗಳಲ್ಲಿ ನಿಲ್ಲುವ ನೀರಿನ ಎತ್ತರದ ಅಂತರವೇ ಘರ್ಷಣೆಯ ಅಳತೆ. 10 ಲೀಟರ್ ಬಕೆಟ್ 57 ಸೆಕೆಂಡಿನಲ್ಲಿ ತುಂಬುವಂತೆ ವಾಲ್ವ್ ತಿರುಗಿಸಿದರೆ ನೀರಿನ ವೇಗ ಸೆಕೆಂಡಿಗೆ 1 ಮೀಟರ್, ಹರಿವು ಶಾಂತವೋ ಪ್ರಕ್ಷುಬ್ಧವೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 15,000. ಎಂದರೆ ಹರಿವು ಪೂರ್ಣವಾಗಿ ಪ್ರಕ್ಷುಬ್ಧ, ಸುಳಿಗಳಿಂದ ತುಂಬಿದ್ದು. ಲೇಪನವಿಲ್ಲದ ಕೊಳವೆಯಲ್ಲಿ ಅಂತರ 29 ಸೆಂ.ಮೀ. ಬರಬೇಕೆಂದು ಲೆಕ್ಕ ಹೇಳುತ್ತಿತ್ತು, 30 ಬಂದಿತು.

ಮೊದಲ ಲೇಪನ ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಸಿಲಿಕೋನ್. ಒಳಗೆ ಸುರಿದು, ಕೊಳವೆಯನ್ನು ಉರುಳಿಸುತ್ತ ಒಣಗಿಸಿದ ಮೇಲೆ ಅಂತರ ಇಳಿಯುವ ಬದಲು 32ಕ್ಕೆ ಏರಿದ್ದು ಎರಡು ವಾರ ನನ್ನನ್ನು ಕಾಡಿತು. ಕೊನೆಗೆ ಕೊಳವೆಯನ್ನು ತೂಗಿದಾಗ ಕಾರಣ ಸಿಕ್ಕಿತು. ತೂಕ 14 ಗ್ರಾಂ ಹೆಚ್ಚಿತ್ತು, ಎಂದರೆ ಲೇಪನ 0.1 ಮಿ.ಮೀ. ದಪ್ಪವಾಗಿ ಒಳವ್ಯಾಸ 14.8 ಮಿ.ಮೀ.ಗೆ ಇಳಿದಿತ್ತು. ಅಷ್ಟೇ ನೀರು ಹರಿಯುವಾಗ ಒತ್ತಡದ ನಷ್ಟವು ವ್ಯಾಸದ 4.75ನೆಯ ಘಾತಕ್ಕೆ ವಿಲೋಮವಾಗಿ ಬದಲಾಗುವುದರಿಂದ ಈ ಕೂದಲೆಳೆಯಷ್ಟು ಇಕ್ಕಟ್ಟೇ ಶೇ. 6.5ರಷ್ಟು ಏರಿಕೆಗೆ ಸಾಕು. ಲೇಪಿಸಿದ ಕೊಳವೆಯನ್ನು ಹೋಲಿಸಬೇಕಾದದ್ದು 30ರೊಂದಿಗೆ ಅಲ್ಲ, 32ರೊಂದಿಗೆ.

ನುಣುಪು ಹೆಚ್ಚಿಸಿ ಇಲ್ಲಿ ಲಾಭವಿಲ್ಲ ಎಂಬುದೂ ಆಗಲೇ ಸ್ಪಷ್ಟವಾಯಿತು. ಗೋಡೆಗೆ ಅಂಟಿದ, ಸುಮಾರು 0.08 ಮಿ.ಮೀ. ದಪ್ಪದ ನಿಧಾನ ಹರಿವಿನ ಪದರದಲ್ಲಿ ಪಿವಿಸಿಯ ಒರಟುತನ ಮೊದಲೇ ಮುಚ್ಚಿಹೋಗಿರುತ್ತದೆ. ಘರ್ಷಣೆ ಇಳಿಯಬೇಕಾದರೆ ನೀರು ಗೋಡೆಯ ಮೇಲೆ ಜಾರಬೇಕು, ಅದೂ ಮೈಕ್ರಾನ್‌ಗಳ ಅಳತೆಯಲ್ಲಿ. ನೀರನ್ನು ಒಲ್ಲದ ನುಣುಪು ಪಾಲಿಮರ್ ಕೊಡುವ ಜಾರಿಕೆ ಮೈಕ್ರಾನ್‌ನ ಸಾವಿರದಲ್ಲೊಂದು ಭಾಗವಾದ ನ್ಯಾನೋಮೀಟರ್‌ಗಳಷ್ಟೇ. ನೀರಿಗೂ ಗೋಡೆಗೂ ನಡುವೆ ಗಾಳಿಯ ಪದರ ನಿಂತರೆ ಮಾತ್ರ ಮೈಕ್ರಾನ್‌ಗಳಷ್ಟು ಜಾರಿಕೆ ಸಾಧ್ಯ.

ಆದ್ದರಿಂದ ಎರಡನೆಯ ಕೊಳವೆಗೆ ಅಷ್ಟೇ ತೂಕದ ಸಿಲಿಕೋನ್‌ನಲ್ಲಿ ನೀರು ಹತ್ತದ ಫ್ಯೂಮ್ಡ್ ಸಿಲಿಕಾ ಎಂಬ ಅತಿ ನವಿರಾದ ಪುಡಿ ಬೆರೆಸಿದೆ. ಜೊತೆಗೆ ಲೇಪಿಸಿದ ಗಾಜಿನ ತುಂಡನ್ನು ನೀರಿನಲ್ಲಿ ಮುಳುಗಿಸಿದಾಗ, ಮುಳುಗಿಸಿದ ಕೆಸುವಿನ ಎಲೆಯಂತೆಯೇ ಬೆಳ್ಳಿಯ ಹೊಳಪು ಕಂಡಿತು. ಅದು ಸಿಕ್ಕಿಕೊಂಡ ಗಾಳಿ. ಹರಿವು ಆರಂಭಿಸಿದ ಮೊದಲ 20 ನಿಮಿಷ ಅಂತರ 29ರಲ್ಲಿ ನಿಂತಿತು. ನನ್ನ ಓದಿನಲ್ಲಿ ಅರ್ಧ ಸೆಂ.ಮೀ. ತಪ್ಪಿರಬಹುದಾದರೂ ಶೇ. 9ರಷ್ಟು ಇಳಿಕೆ ಸಣ್ಣದಲ್ಲ. ಆದರೆ ಒಂದು ಗಂಟೆಯೊಳಗೆ ಅದು ಮತ್ತೆ 32ಕ್ಕೆ ಮರಳಿತು.

ಸಿಕ್ಕಿಕೊಂಡ ಗಾಳಿ ನೀರಿನಲ್ಲಿ ಕರಗಿಹೋಗಿರಬೇಕು ಎಂಬುದು ನನ್ನ ಊಹೆ. ಒತ್ತಡದಲ್ಲಿರುವ ನೀರು ಗಾಳಿಯನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ. ನನ್ನ ವಾಲ್ವ್ ಕೊಳವೆಯಿಂದ ನೀರು ಹೊರಬೀಳುವ ತುದಿಯಲ್ಲಿರುವುದರಿಂದ ಟ್ಯಾಂಕಿನ ಒತ್ತಡದ ಬಹುಪಾಲು ಲೇಪನದ ಮೇಲೆಯೇ ಬೀಳುತ್ತಿದೆ. ಈ ಭಾನುವಾರ ವಾಲ್ವನ್ನು ನೀರು ಒಳಬರುವ ತುದಿಗೆ ಸರಿಸಿ, ಮಲಪ್ರಭೆಯ ನೀರು ಬಂದು ಟ್ಯಾಂಕ್ ತುಂಬಿದ ದಿನ ಪ್ರತಿ ಐದು ನಿಮಿಷಕ್ಕೊಮ್ಮೆ ಅಳೆಯಲಿದ್ದೇನೆ.